ಹಾಡು ಬಿಚ್ಚಿ ಹರವಿದವರು

ಯಕ್ಷಗಾನದ ಪದ್ಯವೊಂದು ಪ್ರಸಂಗ ಪುಸ್ತಕದಲ್ಲಿ ನಾಲ್ಕೇ ಸಾಲು ಇರುತ್ತದೆ. ಓದಿಕೊಂಡು ಹೋದರೆ ಅರ್ಧ ನಿಮಿಷವೂ ಬೇಡ. ಅದೇ ಪದ್ಯ ರಂಗಸ್ಥಳದಲ್ಲಿ ಎಷ್ಟು ಹೊತ್ತು ನಡೆಯಬೇಕೆಂದು ಪುಸ್ತಕ ಹೇಳುವುದಿಲ್ಲ. ವೇಷಧಾರಿಯ ಹುರುಪು ನೋಡಿಕೊಂಡು ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತುತ್ತಾರೆ. ನಡುವೆ ತಾವು ಸುಮ್ಮನಾಗಿ ಚೆಂಡೆ ಮದ್ದಳೆಗೆ ಬಿಟ್ಟುಕೊಡುತ್ತಾರೆ. ಬಿಡ್ತಿಗೆ ಮುಗಿದ ಮೇಲೆ ಅದೇ ಸಾಲಿಗೆ ಮರಳುತ್ತಾರೆ. ಹಾಡಿನ ಉದ್ದ ಆ ರಾತ್ರಿಯ ಆಟಕ್ಕೆ ಸೇರಿದ್ದು ಎಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ತಿಳಿವಳಿಕೆಯನ್ನು ಜೊತೆಗಿಟ್ಟುಕೊಂಡೇ ಪಡುವಣದ ಒಂದು ಕಸುಬನ್ನು ಪರಿಚಯಿಸಬೇಕೆಂದು ನನ್ನ ಆಸೆ. ಅದಕ್ಕೆ ಎಕ್ಸ್‌ಟೆಂಡೆಡ್ ಮಿಕ್ಸ್ ಎಂದು ಹೆಸರು. ಅದರ ಒಡಹುಟ್ಟು ಡಬ್. 1980ರ ದಶಕದ ಬ್ರಿಟಿಷ್ ಪಾಪ್ ಮತ್ತು ನ್ಯೂ ವೇವ್ ಹಾಡುಗಳಲ್ಲಿ ಹೆಚ್ಚಿನವು ರೇಡಿಯೊಗೆ ಒಗ್ಗುವಂತೆ ಮೂರೂವರೆ, ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದವು. ಅದೇ ಹಾಡಿನ ಆರೇಳು ನಿಮಿಷದ, ಕೆಲವೊಮ್ಮೆ ಹತ್ತು ನಿಮಿಷ ದಾಟುವ ಇನ್ನೊಂದು ರೂಪ ಹನ್ನೆರಡು ಇಂಚಿನ ರೆಕಾರ್ಡ್‌ನಲ್ಲಿ ಬೇರೆಯಾಗಿ ಬರುತ್ತಿತ್ತು. ಮಲೆನಾಡಿಗೆ ಆ ಕಾಲದಲ್ಲಿ ಬಂದದ್ದು ಕ್ಯಾಸೆಟ್. ನಗರದಲ್ಲಿ ಓದುತ್ತಿದ್ದ ಅಣ್ಣಂದಿರು ರಜಕ್ಕೆ ಬರುವಾಗ ತಂದ ಟೇಪುಗಳಲ್ಲಿ, ಟೂ-ಇನ್-ಒನ್‌ನಲ್ಲಿ ನಾವು ಕೇಳಿದ್ದು ಗಿಡ್ಡ ರೂಪವನ್ನೇ. ಬಸರೀಕಟ್ಟೆಯಂಥ ಊರಿಗೂ ಮೊಬೈಲಿನಲ್ಲಿ ಜಗತ್ತಿನ ಹಾಡೆಲ್ಲ ಸಿಗುವಂತಾದ ಮೇಲೆ, ಬಾಯಿಪಾಠವಾಗಿದ್ದ ಹಾಡುಗಳಿಗೆ ಇಷ್ಟು ದೊಡ್ಡ ಒಳಮನೆ ಇತ್ತೆಂದು ಗೊತ್ತಾಯಿತು. ಮಳೆ ಹಿಡಿದು ಹೊರಗೆ ಕಾಲಿಡಲಾಗದ ಆಷಾಢದ ದಿನಗಳಲ್ಲಿ ಅವುಗಳನ್ನು ಒಂದೊಂದಾಗಿ ಕೇಳುತ್ತಾ ಹೋದ ಹಾಗೆ, ಇವು ಬರಿದೇ ಎಳೆದು ಉದ್ದ ಮಾಡಿದ ಹಾಡುಗಳಲ್ಲ ಎಂಬುದು ನನಗೆ ಖಾತ್ರಿಯಾಗುತ್ತಾ ಬಂತು.

ಕಸುಬಿಗೆ ಎರಡು ತವರು. ಒಂದು ನ್ಯೂಯಾರ್ಕ್. 1970ರ ದಶಕದ ಮೊದಲ ವರ್ಷಗಳಲ್ಲಿ ಟಾಮ್ ಮೌಲ್ಟನ್ ಎಂಬಾತ ಅಲ್ಲಿಗೆ ಹತ್ತಿರದ ಫೈರ್ ಐಲ್ಯಾಂಡ್‌ನಲ್ಲಿ ಜನ ಕುಣಿಯುವುದನ್ನು ನೋಡುತ್ತಿದ್ದ. ಕುಣಿತಕ್ಕೆ ಕಾವೇರುವಷ್ಟರಲ್ಲಿ ಹಾಡೇ ಮುಗಿದುಹೋಗುತ್ತಿತ್ತು. ಆತ ಟೇಪು ಕತ್ತರಿಸಿ ಅಂಟಿಸಿ ಹಾಡುಗಳನ್ನು ಹಿಗ್ಗಿಸತೊಡಗಿದ. 1974ರ ಸುಮಾರಿಗೆ ಒಂದು ಹಾಡಿನ ಮಾದರಿ ತಟ್ಟೆ ಮಾಡಿಸಲು ಹೋದಾಗ ಏಳು ಇಂಚಿನ ಖಾಲಿ ತಟ್ಟೆಗಳು ತೀರಿದ್ದವು. ಎಂಜಿನಿಯರ್ ಹೊಸೆ ರೊಡ್ರಿಗ್ಸ್ ಹತ್ತು ಇಂಚಿನದರಲ್ಲಿ ಕೊರೆದು ಕೊಡುವುದಾಗಿ ಹೇಳಿದ. ಅಷ್ಟು ದೊಡ್ಡ ತಟ್ಟೆಯ ಅಂಚಿನಲ್ಲಿ ಹಾಡು ಸಣ್ಣ ಪಟ್ಟಿಯಾಗಿ ಕೂರುವುದು ಮೌಲ್ಟನ್‌ಗೆ ಸರಿಬರಲಿಲ್ಲ, ಗೀರುಗಳನ್ನು ಅಗಲಕ್ಕೆ ಹರಡಲು ಹೇಳಿದ. ಹರಡಬೇಕಾದರೆ ಧ್ವನಿಯ ಮಟ್ಟವನ್ನೂ ಏರಿಸಬೇಕಾಯಿತು. ತಟ್ಟೆ ತಿರುಗಿಸಿ ಕೇಳಿದರೆ ಸದ್ದು ಬೇರೆಯೇ ಆಗಿತ್ತು.

ಇದರ ಹಿಂದಿನ ಕಾರಣ ಸರಳ. ರೆಕಾರ್ಡಿನ ಗೀರು ಸದ್ದಿಗೆ ತಕ್ಕಂತೆ ಅತ್ತಿತ್ತ ಓಲುತ್ತದೆ, ಬೇಸ್ ಸದ್ದಿಗಂತೂ ತುಂಬಾ ಅಗಲಕ್ಕೆ ಓಲುತ್ತದೆ. ಏಳು ಇಂಚಿನ ತಟ್ಟೆಯಲ್ಲಿ ಜಾಗ ಕಡಿಮೆ, ಹಾಗಾಗಿ ಬೇಸನ್ನು ತಗ್ಗಿಸಬೇಕು, ಇಲ್ಲವೇ ಹಾಡನ್ನು ಮೊಟಕು ಮಾಡಬೇಕು. ಹನ್ನೆರಡು ಇಂಚಿನಲ್ಲಿ ಒಂದೇ ಹಾಡಿಟ್ಟರೆ ಎರಡೂ ಬೇಡ. 1976ರಲ್ಲಿ ಸಾಲ್‌ಸೋಲ್ ಕಂಪನಿ ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು ಹನ್ನೆರಡು ಇಂಚಿನಲ್ಲಿ ಅಂಗಡಿಗೆ ಬಿಟ್ಟಿತು. ವಾಲ್ಟರ್ ಗಿಬನ್ಸ್ ಅದನ್ನು ಒಂಬತ್ತು ನಿಮಿಷಕ್ಕೂ ಮೀರಿ ಬೆಳೆಸಿದ್ದ. ಜನರು ಕೊಳ್ಳುವಂತೆ ಬಂದ ಮೊದಲ ಹನ್ನೆರಡು ಇಂಚಿನ ಸಿಂಗಲ್ ಎಂದು ಹೆಸರಾದದ್ದು ಅದು.

ಎರಡನೆಯ ತವರು ಜಮೈಕ. ನನಗೆ ಹೆಚ್ಚು ಹತ್ತಿರವೆನಿಸುವುದೂ ಇದೇ. ಕಿಂಗ್‌ಸ್ಟನ್‌ನ ಬೀದಿಗಳಲ್ಲಿ ಸೌಂಡ್ ಸಿಸ್ಟಮ್ ಎಂಬ ದೊಡ್ಡ ಮೈಕ್‌ಸೆಟ್ ಹೂಡಿ ರಾತ್ರಿಯಿಡೀ ಹಾಡು ಹಾಕುವ ರೂಢಿ. 1960ರ ದಶಕದ ಕೊನೆಗೆ ಹೀಗೊಂದು ಮೈಕ್‌ಸೆಟ್‌ಗೆಂದು ತಟ್ಟೆ ಕೊರೆಯುವಾಗ ಗಾಯಕನ ಧ್ವನಿ ಸೇರಿಸುವುದು ಬಿಟ್ಟುಹೋಯಿತು. ಅದನ್ನೇ ಹಾಕಿದಾಗ ನೆರೆದ ಜನ ತಾವೇ ಹಾಡಿಕೊಂಡು ಕುಣಿದರು. ಅಲ್ಲಿಂದ ಮುಂದಕ್ಕೆ ಒಯ್ದವನು ಓಸ್ಬೋರ್ನ್ ರಡ್ಡಕ್, ಜಗತ್ತಿಗೆ ಕಿಂಗ್ ಟಬ್ಬಿ. ರೇಡಿಯೊ ರಿಪೇರಿ ಮಾಡುವುದು, ಟ್ರಾನ್ಸ್‌ಫಾರ್ಮರ್ ಸುತ್ತುವುದು, ಆಂಪ್ಲಿಫಯರ್ ಕಟ್ಟುವುದು ಅವನ ವೃತ್ತಿ. ದೊಡ್ಡ ಸ್ಟುಡಿಯೊ ಕೈಬಿಟ್ಟ ಹಳೆಯ ಮಿಕ್ಸರನ್ನು ಕೊಂಡು, ವಾಟರ್‌ಹೌಸ್ ಕೇರಿಯ ಮನೆಯ ಕೋಣೆಯಲ್ಲೇ ಕೂರಿಸಿಕೊಂಡ.

ಬೇರೆಯವರು ನುಡಿಸಿ ಹಾಡಿ ಕೊಟ್ಟ ನಾಲ್ಕು ಟ್ರ್ಯಾಕಿನ ಟೇಪು ಅವನ ಕೈಗೆ ಬರುತ್ತಿತ್ತು. ಅವನು ಹೊಸದಾಗಿ ಏನನ್ನೂ ನುಡಿಸಲಿಲ್ಲ. ಟೇಪು ಓಡುತ್ತಿರುವಾಗ ಗಾಯಕನ ಧ್ವನಿಯನ್ನು ಇದ್ದಕ್ಕಿದ್ದಂತೆ ತೆಗೆದುಬಿಡುತ್ತಿದ್ದ, ಉಳಿದ ಕೊನೆಯ ಅಕ್ಷರವೊಂದನ್ನು ಎಕೋ ಯಂತ್ರಕ್ಕೆ ಕಳಿಸಿ ಅದು ಮರುಮರು ಮೊಳಗುತ್ತಾ ಕರಗಲು ಬಿಡುತ್ತಿದ್ದ. ಗಿಟಾರು ಒಂದು ಕ್ಷಣ ಬಂದು ಮಾಯವಾಗುತ್ತಿತ್ತು. ಡ್ರಮ್ಮೂ ಬೇಸೂ ಮಾತ್ರ ಬಹಳ ಹೊತ್ತು ನಡೆಯುತ್ತಿದ್ದವು. ಡಬ್ ಎಂದರೆ ಇದೇ. ಆಗಸ್ಟಸ್ ಪ್ಯಾಬ್ಲೊ ಜೊತೆಗಿನ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಕೇಳಿದರೆ ಮಿಕ್ಸರಿನ ಮುಂದೆ ಕೂತವನೂ ವಾದ್ಯಗಾರನೇ ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. 1989ರ ಫೆಬ್ರವರಿಯಲ್ಲಿ ಮನೆಯ ಹೊರಗೆ ಯಾರೋ ಗುಂಡಿಕ್ಕಿ ಅವನನ್ನು ಕೊಂದರು. ಅಷ್ಟರಲ್ಲಿ ಅವನ ಕೈಚಳಕ ಲಂಡನ್ನಿನ ಪಾಪ್ ಸ್ಟುಡಿಯೊಗಳ ತುಂಬ ಹರಡಿತ್ತು.

ಬ್ರಿಟನ್ನಿನಲ್ಲಿ ಈ ಎರಡು ದಾರಿಗಳೂ ಕೂಡಿದವು. ನನ್ನನ್ನು ಕೇಳಿದರೆ ಮೊದಲು ಹೆಸರಿಸಬೇಕಾದ್ದು ಮಾರ್ಟಿನ್ ರಷೆಂಟ್ 1982ರಲ್ಲಿ ಮಾಡಿದ ‘ಲವ್ ಆ್ಯಂಡ್ ಡಾನ್ಸಿಂಗ್’. ಹ್ಯೂಮನ್ ಲೀಗ್ ತಂಡದ ‘ಡೇರ್’ ಆಲ್ಬಮ್ ಅದರ ಹಿಂದಿನ ವರ್ಷ ಬಂದು ಮನೆಮಾತಾಗಿತ್ತು. ರಷೆಂಟ್ ಆ ಟೇಪುಗಳನ್ನೇ ಎದುರಿಗಿಟ್ಟುಕೊಂಡು ಆಲ್ಬಮ್ಮಿನ ಹೆಚ್ಚಿನ ಹಾಡುಗಳನ್ನು ಮತ್ತೊಮ್ಮೆ ಕಟ್ಟಿದ. ಕಂಪ್ಯೂಟರಿನಲ್ಲಿ ಹಾಡು ಕತ್ತರಿಸುವ ಕಾಲ ಅದಲ್ಲ, ಬ್ಲೇಡು ಮತ್ತು ಅಂಟುಪಟ್ಟಿಯ ಕೆಲಸ. ಸ್ಟುಡಿಯೊ ಟೇಪು ಸೆಕೆಂಡಿಗೆ 15 ಇಂಚೋ 30 ಇಂಚೋ ಓಡುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಒಂದು ಪೆಟ್ಟಿಗೆ ಅರ್ಧ ಸೆಕೆಂಡು, ಅಂದರೆ 15 ಇಂಚಿನ ವೇಗದಲ್ಲಿ ಏಳೂವರೆ ಇಂಚು ಟೇಪು. ಅದರ ಕಾಲುಭಾಗ ಬೇಕಾದರೆ ಎರಡು ಇಂಚೂ ಇಲ್ಲದ ತುಂಡು. ಧ್ವನಿ ತಡವರಿಸುತ್ತಾ ಅದೇ ಅಕ್ಷರವನ್ನು ಪಟಪಟನೆ ಮರುನುಡಿಯುವ ಕಡೆಗಳಲ್ಲೆಲ್ಲ ಅಂಥ ತುಂಡುಗಳನ್ನು ಸಾಲಾಗಿ ಜೋಡಿಸಿದ್ದಾನೆ. ರೀಲನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಪೆಟ್ಟು ಬೀಳುವ ಜಾಗವನ್ನು ಕಿವಿಯಲ್ಲೇ ಹಿಡಿದು, ಬಳಪದಿಂದ ಗುರುತು ಹಾಕಿ, ಓರೆಯಾಗಿ ಕೊಯ್ದು ಅಂಟಿಸುವ ಕೆಲಸ. ಕೂದಲೆಳೆಯಷ್ಟು ತಪ್ಪಿದರೂ ತಾಳ ಎಡವುತ್ತದೆ. ಆಲ್ಬಮ್ಮಿನಲ್ಲಿ ಒಂದೂ ಕಡೆ ಎಡವಿದಂತೆ ಕೇಳುವುದಿಲ್ಲ. ಹಾಡುಗಾರಿಕೆ ಹೆಚ್ಚುಪಾಲು ಹೋಗಿ ಸಿಂಥಸೈಜರಿನ ಗೆರೆಗಳು ಮುಂದೆ ಬಂದು ನಿಂತಿವೆ. ಮೂಲದಲ್ಲಿ ಅವು ಇದ್ದವೆಂದೇ ಗಮನಕ್ಕೆ ಬಂದಿರುವುದಿಲ್ಲ.

1983ರ ಮಾರ್ಚಿನಲ್ಲಿ ನ್ಯೂ ಆರ್ಡರ್ ತಂಡ ‘ಬ್ಲೂ ಮಂಡೆ’ಯನ್ನು ಹನ್ನೆರಡು ಇಂಚಿನಲ್ಲಿ ಮಾತ್ರವೇ ಬಿಟ್ಟಿತು. ಏಳೂವರೆ ನಿಮಿಷದ ಹಾಡಿಗೆ ಚಿಕ್ಕ ರೂಪವೇ ಇರಲಿಲ್ಲ. ಹನ್ನೆರಡು ಇಂಚಿನ ಸಿಂಗಲ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ. ತಟ್ಟೆಯನ್ನು ಮಗುಚಿ ಹಾಕಿದರೆ ‘ದಿ ಬೀಚ್’ ಎಂಬ ಬೇರೆ ಹೆಸರಿನಲ್ಲಿ ಅದೇ ಹಾಡಿನ ಡಬ್ ಸಿಗುತ್ತದೆ. ಮೊದಲ ಬದಿಯಲ್ಲಿ ಡ್ರಮ್ ಯಂತ್ರ ಸೈನ್ಯದ ನಡಿಗೆಯಷ್ಟು ಖಚಿತ. ಎರಡನೆಯ ಬದಿಯಲ್ಲಿ ಅದೇ ಪೆಟ್ಟುಗಳು ಎಕೋದಲ್ಲಿ ನೆನೆದು, ಒಂದರ ಮೇಲೊಂದು ಬಿದ್ದು, ಎಲ್ಲಿಂದಲೋ ತೇಲಿ ಬರುತ್ತವೆ. ಇವೆರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಡಬ್ ಎಂದರೇನೆಂದು ಬೇರೆ ಪಾಠವೇ ಬೇಡ.

ಉಳಿದವರನ್ನು ಬೇಗ ದಾಟುತ್ತೇನೆ. ಫ್ರಾನ್ಸಿನಿಂದ ನ್ಯೂಯಾರ್ಕಿಗೆ ಬಂದ ಫ್ರಾಂಸ್ವಾ ಕೆವೊರ್ಕಿಯನ್ 1982ರಲ್ಲಿ ಯಾಜೂ ಜೋಡಿಯ ‘ಸಿಚುವೇಶನ್’ಗೆ ಮಾಡಿದ ಕೆಲಸ, ಜಮೈಕದ ಸಂಗೀತದಲ್ಲೇ ಪಳಗಿದ ಏಡ್ರಿಯನ್ ಶೆರ್ವುಡ್ 1984ರಲ್ಲಿ ಡಿಪೆಷ್ ಮೋಡ್ ಹಾಡುಗಳನ್ನು ಕಳಚಿ ಜೋಡಿಸಿದ ರೀತಿ, ಟ್ರೆವರ್ ಹಾರ್ನ್ ಅದೇ ವರ್ಷ ಫ್ರ್ಯಾಂಕಿ ಗೋಸ್ ಟು ಹಾಲಿವುಡ್ ತಂಡದ ‘ಟೂ ಟ್ರೈಬ್ಸ್’ ಹಾಡಿಗೆ ಅಣುಬಾಂಬ್ ದಾಳಿಯ ಎಚ್ಚರಿಕೆಯ ಧ್ವನಿ ಬೆರೆಸಿ ಕಟ್ಟಿದ ದೀರ್ಘ ರೂಪ, ಇವು ಮೂರೂ ಈಗಲೂ ಹಳಸಿಲ್ಲ. ಡ್ಯುರಾನ್ ಡ್ಯುರಾನ್ ತಂಡದವರು ಮೊದಮೊದಲು ‘ನೈಟ್ ವರ್ಷನ್’ ಎಂದು ಕರೆದವುಗಳನ್ನು ಟೇಪು ಕತ್ತರಿಸಿ ಮಾಡಲಿಲ್ಲ, ತಾವೇ ಮತ್ತೆ ಕೂತು ಉದ್ದಕ್ಕೆ ನುಡಿಸಿದರು. ಭಾಗವತರ ದಾರಿಗೆ ಎಲ್ಲರಿಗಿಂತ ಹತ್ತಿರದವರು ಅವರೇ.

ಎಲ್ಲವೂ ಚಿನ್ನವಲ್ಲ ಎಂಬುದನ್ನೂ ಹೇಳಬೇಕು. ದಶಕದ ಕೊನೆಕೊನೆಗೆ ಹನ್ನೆರಡು ಇಂಚು ಮಾರಾಟದ ಹಾದಿಯಾಯಿತು. ಮೊದಲಿಗೊಂದು ನಿಮಿಷ ಬರೀ ಡ್ರಮ್, ಕೊನೆಗೆ ಪಲ್ಲವಿಯನ್ನು ನಾಲ್ಕು ಸಲ ಹೆಚ್ಚಿಗೆ ಅಂಟಿಸಿದರೆ ರೀಮಿಕ್ಸ್ ಆಯಿತು ಎಂಬಂಥವು ರಾಶಿ ಬಂದವು. ಒಳ್ಳೆಯದನ್ನು ಗುರುತಿಸಲು ನನ್ನದೊಂದು ಅಳತೆಯಿದೆ: ಉದ್ದ ರೂಪ ಕೇಳಿದ ಮೇಲೆ ಗಿಡ್ಡ ರೂಪಕ್ಕೆ ಮರಳಿದರೆ ಅಲ್ಲಿ ಏನೋ ಕೊರೆಯಾದಂತೆ ಅನ್ನಿಸಬೇಕು.

ಈ ಕಥೆಯಲ್ಲಿ ಕರ್ನಾಟಕದವರೊಬ್ಬರು ನಡುಮನೆಯಲ್ಲೇ ಇದ್ದರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಬೆಳೆದ ಕೊಡವರು ಬಿದ್ದು ಅಪ್ಪಯ್ಯ. ಟ್ರೋಜನ್ಸ್ ಎಂಬ ತಂಡದಲ್ಲಿ ಹಾಡಿ, 1960ರ ದಶಕದ ಕೊನೆಯ ಹೊತ್ತಿಗೆ ಲಂಡನ್ ಸೇರಿದರು. ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಅವರ ನಿರ್ಮಾಣ. ಬಿ ಸೈಡಿಗೆಂದು ಸ್ಟುಡಿಯೊ ಸಮಯದ ಕೊನೆಯಲ್ಲಿ ಅವಸರದಲ್ಲಿ ಮುದ್ರಿಸಿದ ಹಾಡು 1974ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ಇವರದೇ ನಿರ್ಮಾಣ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಹನ್ನೆರಡು ಇಂಚಿನ ತಟ್ಟೆ ಹುಟ್ಟಿದ ಡಿಸ್ಕೊ ಕಾಲವನ್ನು ಬ್ರಿಟನ್ನಿನಲ್ಲಿ ಕಟ್ಟಿದವರಲ್ಲಿ ಅವರೊಬ್ಬರು. 1980ರ ‘ಕುರ್ಬಾನಿ’ ಚಿತ್ರಕ್ಕೆ ಹದಿಹರೆಯದ ನಾಜಿಯಾ ಹಸನ್‌ರಿಂದ ಲಂಡನ್ನಿನಲ್ಲಿ ಹಾಡಿಸಿ, ಮರುವರ್ಷ ‘ಡಿಸ್ಕೊ ದೀವಾನೆ’ ಆಲ್ಬಮ್ ಮಾಡಿದಾಗ ನಮ್ಮ ಊರಿನ ಟೇಪ್ ರೆಕಾರ್ಡರುಗಳಿಗೂ ಆ ಸದ್ದು ಬಂತು.

‘ಕುರ್ಬಾನಿ’ಯ ಆ ಹಾಡು ಉಳಿದವಕ್ಕಿಂತ ಬೇರೆಯಾಗಿ ಕೇಳಿದ್ದರ ಗುಟ್ಟೇ ರೀಮಿಕ್ಸಿನ ಗುಟ್ಟೂ ಹೌದು. ಬಿದ್ದು ಬಹುಟ್ರ್ಯಾಕ್ ಟೇಪಿನಲ್ಲಿ ಡ್ರಮ್, ಬೇಸ್, ಧ್ವನಿ ಎಲ್ಲವನ್ನೂ ಬೇರೆಬೇರೆಯಾಗಿ ಹಿಡಿಯುತ್ತಿದ್ದರು. ಮುಂಬಯಿ, ಮದ್ರಾಸಿನ ಸಿನಿಮಾ ಸ್ಟುಡಿಯೊಗಳಲ್ಲಿ ಆವರೆಗೆ ಬಹುಪಾಲು ಗಾಯಕರೂ ವಾದ್ಯವೃಂದವೂ ಒಟ್ಟಿಗೆ ನಿಂತು ಒಂದೇ ಉಸಿರಿಗೆ ಮುದ್ರಿಸುತ್ತಿದ್ದರು. ಕನ್ನಡದ ಎಷ್ಟೋ ಹಾಡುಗಳು ಆಗಿದ್ದೂ ಹಾಗೆಯೇ. ಅದರ ಸೊಗಸು ಅದಕ್ಕಿದೆ, ಆದರೆ ಆ ಟೇಪಿನಿಂದ ಪಿಟೀಲನ್ನು ತೆಗೆದು ಬೇಸನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಬೇರೆ ಮಾಡಲಾಗದ್ದನ್ನು ಮರುಜೋಡಿಸುವುದೂ ಆಗದು. ನಮ್ಮಲ್ಲಿ ಆ ದಶಕದ ನಿಜವಾದ ಡಬ್ ಇಲ್ಲದ್ದಕ್ಕೆ ಇದೊಂದು ದೊಡ್ಡ ಕಾರಣವೆಂದು ನನ್ನ ಎಣಿಕೆ.

ಟೇಪೇ ಕಳೆದುಹೋದರೆ ಅಲ್ಲಿಯವರದ್ದೂ ಇದೇ ಪಾಡು. ದಿ ಕ್ಯೂರ್ ತಂಡ 1990ರಲ್ಲಿ ‘ಮಿಕ್ಸ್ಡ್ ಅಪ್’ ಎಂಬ ರೀಮಿಕ್ಸ್ ಆಲ್ಬಮ್ ಮಾಡಹೊರಟಾಗ ಕೆಲವು ಹಾಡುಗಳ ಮೂಲ ಟೇಪು ಸಿಗದೆ, ‘ಎ ಫಾರೆಸ್ಟ್’ ಮೊದಲಾದವನ್ನು ಹೊಸದಾಗಿ ನುಡಿಸಿ ಹಾಡಿ ಆಮೇಲೆ ರೀಮಿಕ್ಸ್ ಮಾಡಬೇಕಾಯಿತು. ಹನ್ನೆರಡು ಇಂಚಿನ ಎಷ್ಟೋ ರೂಪಗಳು ಸಿ.ಡಿ. ಕಾಲದಲ್ಲಿ ಕೈಬಿಟ್ಟುಹೋದವು. ಅವುಗಳನ್ನು ಹುಡುಕಿ ಮರಳಿ ತರುವ ಕೆಲಸ ಈಗ ಶ್ರದ್ಧೆಯಿಂದ ನಡೆದಿದೆ. ಜರ್ಮನಿಯ ಬ್ಲ್ಯಾಂಕ್ ಆ್ಯಂಡ್ ಜೋನ್ಸ್ ಜೋಡಿಯ ‘ಸೋ ಎಯ್ಟೀಸ್’ ಸರಣಿ ಅಂಥದ್ದು. ನಮ್ಮ ದೇಶದ್ದೇ ಒಂದು ಮರುಶೋಧವೂ ಉಂಟು: ಮುಂಬಯಿಯ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ರೋಲ್ಯಾಂಡ್ ಯಂತ್ರಗಳ ಡಿಸ್ಕೊ ತಾಳಕ್ಕೆ ಕೂರಿಸಿದ್ದರು. ಆಗ ಯಾರೂ ಕಿವಿಗೊಡದ ಆ ರೆಕಾರ್ಡ್ 2010ರಲ್ಲಿ ನೆದರ್ಲೆಂಡ್ಸ್‌ನಿಂದ ಮರುಮುದ್ರಣವಾಗಿ, ಅವರು ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿದರು.

ಕೇಳಲು ಹೊರಡುವವರು ‘ಡೇರ್’ ಆಲ್ಬಮ್ಮಿನ ಒಂದು ಹಾಡನ್ನು ಮೊದಲು ಮೂಲದಲ್ಲಿ ಕೇಳಿ, ಕೂಡಲೇ ಅದನ್ನೇ ‘ಲವ್ ಆ್ಯಂಡ್ ಡಾನ್ಸಿಂಗ್’ನಲ್ಲಿ ಹಾಕಿಕೊಳ್ಳಿ. ಆಮೇಲೆ ‘ಬ್ಲೂ ಮಂಡೆ’, ಅದರ ಬೆನ್ನಿಗೆ ‘ದಿ ಬೀಚ್’. ಅಲ್ಲಿಂದ ಕಿಂಗ್ ಟಬ್ಬಿಗೆ ಹಿಂದಿರುಗಿ. ಮೊದಲ ಸಲ ಮದ್ದಳೆಯವರನ್ನು ಗಮನಿಸುವ ಹಾಗೆ ಬೇಸನ್ನೊಂದನ್ನೇ ಹಿಂಬಾಲಿಸಿ, ಎರಡನೆಯ ಸಲ ಯಾವ ಸದ್ದು ಎಲ್ಲಿ ನಿಂತುಹೋಯಿತು ಎಂದು ನೋಡಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಬೇಸ್ ಅದರಲ್ಲಿ ಬರುವುದೇ ಇಲ್ಲ. ಇಯರ್‌ಫೋನ್ ಆದೀತು. ಮನೆಯಲ್ಲಿ ಹಳೆಯ ಆಂಪ್ಲಿಫಯರೂ ಮರದ ಬಾಕ್ಸೂ ಇದ್ದರೆ ಧೂಳು ಕೊಡವಿ ಅದಕ್ಕೇ ಹಾಕಿ.