ಬಾರದ ಆಟವನ್ನು ಕಾಯುವವರು

ಹಬ್ಬಕ್ಕಿಂತ ಹಬ್ಬದ ಮುನ್ನಾದಿನವೇ ಹುಡುಗರಿಗೆ ಹೆಚ್ಚು ಸವಿಯೆಂಬುದು ಮನೆಮನೆಯವರೂ ಬಲ್ಲ ಮಾತು. ಕಜ್ಜಾಯವು ಬಾಯಿಗೆ ಬೀಳುವುದಕ್ಕೆ ಮೊದಲು ಅದರ ಪರಿಮಳವೇ ಅರ್ಧ ತೃಪ್ತಿಯನ್ನು ಕೊಡುವುದು. ಆದರೆ ಆ ಮುನ್ನಾದಿನವು ಒಂದು ದಿನವಾಗಿರದೆ ಏಳು ವರ್ಷಗಳನ್ನು ಮೀರಿ ನೀಳವಾದರೆ ಪರಿಮಳದ ಗತಿಯೇನು? ಇದು ವಿನೋದಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಲೋಕದ ನಾನಾ ದೇಶಗಳಲ್ಲಿ ಲಕ್ಷಾಂತರ ಜನರು ಇಂತಹ ಮುನ್ನಾದಿನವೊಂದನ್ನು 2018ರಿಂದ ಕಳೆಯುತ್ತ ಬಂದಿರುವರು. ಅವರು ಕಾಯುತ್ತಿರುವುದು ಒಂದು ವಿಡಿಯೋ ಆಟವನ್ನು. ಎಲ್ಡರ್ ಸ್ಕ್ರೋಲ್ಸ್ ಎಂಬ ಆಟಗಳ ಮಾಲೆಯಲ್ಲಿ ಅದು ಆರನೆಯದು.

"ಆಟವೊಂದಕ್ಕಾಗಿ ಇಷ್ಟು ತಪಸ್ಸೇ?" ಎಂದು ಹಿರಿಯರಾದ ವಾಚಕರು ನಗಬಹುದು. ಮೊದಲು ನಾವೂ ನಕ್ಕವರೇ. 2018ರ ಜೂನ್ ತಿಂಗಳ ಒಂದು ಮುಂಜಾನೆ, ಆಗ ಹತ್ತನೆಯ ತರಗತಿಯಲ್ಲಿದ್ದ ನಮ್ಮ ತಂಗಿಯ ಮಗನು ಫೋನನ್ನು ಹಿಡಿದುಕೊಂಡು ಕುಣಿಯುತ್ತ ಬಂದು, "ಮಾವ, ಆರನೆಯದು ಬರುತ್ತದೆಯಂತೆ!" ಎಂದನು. ಅಮೆರಿಕೆಯ ಲಾಸ್ ಏಂಜಲೀಸ್ ನಗರದಲ್ಲಿ ಅದು ಹಿಂದಿನ ದಿನದ, ಎಂದರೆ ಜೂನ್ 10ರ ಸಂಜೆ. ಆ ಹುಡುಗನು ಇಂದು ಓದು ಮುಗಿಸಿ ಸಂಬಳ ತರುವವನಾಗಿರುವನು. ಕುಣಿಯುವುದನ್ನು ಬಿಟ್ಟಿರುವನು. ಆದರೆ ಕಾಯುವುದನ್ನು ಬಿಟ್ಟಿಲ್ಲ. ಬಾಲ್ಯದಿಂದ ಯೌವನದವರೆಗೆ ಒಬ್ಬನ ಮನಸ್ಸನ್ನು ಹಿಡಿದು ನಿಲ್ಲಿಸಿದ ವಸ್ತುವನ್ನು ಬರಿಯ ಆಟವೆಂದು ತಳ್ಳಿಹಾಕುವುದು ಉಪಾಧ್ಯಾಯವೃತ್ತಿಯಲ್ಲಿ ನೆರೆತ ನಮ್ಮಂತಹವರಿಗೆ ಒಪ್ಪುವುದಿಲ್ಲ. ಆದುದರಿಂದ ಅವನಿಂದ ಕೇಳಿ, ನಾವಾಗಿ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿರುವೆವು.

ಈ ಜಾತಿಯ ಆಟಕ್ಕೆ ರೋಲ್ ಪ್ಲೇಯಿಂಗ್ ಆಟವೆಂದು ಹೆಸರು. ಪಾತ್ರಧಾರಣದ ಆಟವೆಂದು ನಾವು ಹೇಳಬಹುದು. 1974ರಲ್ಲಿ ಅಮೆರಿಕೆಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟವು ಹೊರಬಂದಾಗ ಈ ಪದ್ಧತಿಯು ರೂಢಿಗೆ ಬಂದಿತು. ಆಗ ಯಂತ್ರವಿರಲಿಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಕಥೆಯನ್ನು ನಡೆಯಿಸುತ್ತಿರಲು ಉಳಿದವರು ಒಬ್ಬೊಬ್ಬ ವೀರನ ಪಾತ್ರವನ್ನು ವಹಿಸಿ, ದಾಳಗಳನ್ನು ಉರುಳಿಸಿ, ಜಯಾಪಜಯಗಳನ್ನು ನಿರ್ಣಯಿಸಿಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಕಥೆ ನಡೆಯಿಸುವ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿತು. ನಾಟಕಶಾಲೆಯಲ್ಲಿ ನಟನು ಬೇರೆ, ಪ್ರೇಕ್ಷಕನು ಬೇರೆ. ಇಲ್ಲಿಯಾದರೋ ಇಬ್ಬರೂ ಒಬ್ಬನೇ. ತಾನೇ ಪಾತ್ರ, ತಾನೇ ಸಹೃದಯ. ಯಾವ ಊರಿಗೆ ಹೋಗಬೇಕು, ಯಾರಿಗೆ ನೆರವಾಗಬೇಕು, ಕಳ್ಳನಾಗಬೇಕೋ ಯೋಧನಾಗಬೇಕೋ ಎಂಬುದೆಲ್ಲವನ್ನೂ ಆಡುವವನೇ ನಿಶ್ಚಯಿಸಬೇಕು. ಇಂತಹ ಆಟವೊಂದರಲ್ಲಿ ನೂರಾರು ಗಂಟೆಗಳನ್ನು ಕಳೆದವನಿಗೆ ಅದು ನೋಡಿದ ಕಥೆಯಾಗಿ ಉಳಿಯದೆ ಬಾಳಿದ ಊರಾಗಿಬಿಡುವುದು. ಅಭಿಮಾನಿಗಳ ನಿರೀಕ್ಷೆಯ ಬೇರು ಇರುವುದು ಇಲ್ಲಿಯೇ.

ಎಲ್ಡರ್ ಸ್ಕ್ರೋಲ್ಸ್ ಮಾಲೆಯನ್ನು ರಚಿಸುವವರು ಅಮೆರಿಕೆಯ ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾ ಸಂಸ್ಥೆಯವರು. ಮೊದಲನೆಯ ಆಟವಾದ ಅರೀನಾ 1994ರಲ್ಲಿ ಬಂದಿತು. 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮಾರೋವಿಂಡ್, 2006ರಲ್ಲಿ ಆಬ್ಲಿವಿಯನ್ ಬಂದುವು. ಐದನೆಯದಾದ ಸ್ಕೈರಿಮ್ 2011ರ ನವೆಂಬರ್ 11ರಂದು ಹೊರಬಿದ್ದಿತು. ಹಿಮಪರ್ವತಗಳ ನಾಡೊಂದರ ಈ ಕಥೆಯ ಪ್ರತಿಗಳು 2023ರ ವೇಳೆಗೆ 6 ಕೋಟಿಯನ್ನು ಮೀರಿ ಮಾರಾಟವಾಗಿದ್ದುವೆಂದರೆ ಅದರ ಪ್ರಸಿದ್ಧಿಯನ್ನು ವಾಚಕರೇ ಊಹಿಸಬಹುದು. ಒಂದು ಆಟಕ್ಕೂ ಮುಂದಿನದಕ್ಕೂ ನಡುವಣ ಅಂತರವು ಅದುವರೆಗೆ ಆರು ವರ್ಷಗಳನ್ನು ಮೀರಿರಲಿಲ್ಲ. ಸ್ಕೈರಿಮ್ ಆದ ಮೇಲೆ ಏಳನೆಯ ವರ್ಷದಲ್ಲಿ ದೊರೆತುದು ಆಟವಲ್ಲ, ಆಟ ಬರುವುದೆಂಬ ಸೂಚನೆ ಮಾತ್ರ.

ಆ ಸೂಚನೆಯಾದರೂ ಎಷ್ಟು? ಒಂದು ನಿಮಿಷಕ್ಕೂ ಕಡಿಮೆಯಾದ ಚಲಚ್ಚಿತ್ರ. ಮೋಡಗಳು ಸರಿಯುವುವು, ಬೋಳುಬೆಟ್ಟಗಳ ಸಾಲು ಕಾಣುವುದು, ಒಂದು ಕಡೆ ಕಡಲು, ಹಿನ್ನೆಲೆಯಲ್ಲಿ ಪರಿಚಿತವಾದ ವಾದ್ಯಘೋಷ, ಕೊನೆಗೆ ಹೆಸರು. ಒಬ್ಬ ಮನುಷ್ಯನಾಗಲಿ ಒಂದು ಮಾತಾಗಲಿ ಅದರಲ್ಲಿಲ್ಲ. ಸೂತ್ರವು ಎಷ್ಟು ಚಿಕ್ಕದೋ ಭಾಷ್ಯವು ಅಷ್ಟು ದೊಡ್ಡದೆಂಬುದನ್ನು ನಾವು ಶಾಸ್ತ್ರಗಳಲ್ಲಿ ಕಂಡಿರುವೆವು. ಇಲ್ಲಿಯೂ ಅದೇ ಆಯಿತು. ಬೆಟ್ಟದ ಬಣ್ಣವನ್ನು ನೋಡಿ ಇದು ಹ್ಯಾಮರ್‌ಫೆಲ್ ಎಂಬ ಕಲ್ಪಿತ ದೇಶವೆಂದು ಕೆಲವರು, ಅಲ್ಲ, ಅದರ ನೆರೆಯ ಹೈ ರಾಕ್ ಎಂದು ಮತ್ತೆ ಕೆಲವರು ಪೂರ್ವಪಕ್ಷ ಸಿದ್ಧಾಂತಗಳನ್ನು ಹೂಡಿದರು. 2020ರ ಕೊನೆಯ ದಿನ ಸಂಸ್ಥೆಯವರು ಹೊಸ ವರ್ಷದ ಹಾರೈಕೆಯೊಡನೆ ಒಂದು ಭೂಪಟದ ಚಿತ್ರವನ್ನು ಪ್ರಕಟಿಸಲು, ಅದರ ಮೇಲೆ ಇಟ್ಟಿದ್ದ ಮೇಣದಬತ್ತಿಗಳು ಯಾವ ಸ್ಥಳದ ಮೇಲೆ ಇವೆಯೆಂಬುದರ ಮೇಲೆಯೂ ವ್ಯಾಖ್ಯಾನಗಳು ಹುಟ್ಟಿದುವು. ಹಸಿದವನಿಗೆ ಹೊಗೆಯೂ ಅಡಿಗೆಯ ಲಕ್ಷಣವಾಗಿಯೇ ತೋರುವುದಷ್ಟೆ.

ಇದನ್ನು ನೋಡಿದಾಗ ನಮಗೆ ವಿದ್ಯಾರ್ಥಿದೆಸೆಯಲ್ಲಿ ಓದಿದ ತರ್ಕಸಂಗ್ರಹವು ನೆನಪಿಗೆ ಬಂದಿತು. ಅನ್ನಂಭಟ್ಟನ ಆ ಚಿಕ್ಕ ಗ್ರಂಥದಲ್ಲಿ, ಒಂದು ವಾಕ್ಯವು ಅರ್ಥವನ್ನು ಕೊಡಬೇಕಾದರೆ ಮೂರು ಅಂಗಗಳಿರಬೇಕೆಂದು ಹೇಳಿದೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. "ಹಸುವನ್ನು" ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳಿದವನ ಮನಸ್ಸು "ಏನು ಮಾಡಲಿ? ಕಟ್ಟಲೋ, ಬಿಡಲೋ?" ಎಂದು ಮುಂದಿನ ಪದವನ್ನು ಬಯಸುವುದು. ಒಂದು ಪದಕ್ಕೆ ಮತ್ತೊಂದು ಪದದ ಈ ಅಪೇಕ್ಷೆಯೇ ಆಕಾಂಕ್ಷೆ. "ಬೆಂಕಿಯಿಂದ ಗಿಡವನ್ನು ನೆನೆಯಿಸು" ಎಂದರೆ ಪದಗಳು ಕೂಡಿದರೂ ಅರ್ಥವು ಕೂಡದು. ಬೆಂಕಿಗೆ ನೆನೆಯಿಸುವ ಯೋಗ್ಯತೆಯಿಲ್ಲ. "ಹಸುವನ್ನು" ಎಂದು ಬೆಳಗ್ಗೆ ಹೇಳಿ "ಕಟ್ಟು" ಎಂದು ಸಂಜೆ ಹೇಳಿದರೆ ಸನ್ನಿಧಿಯಿಲ್ಲದೆ ವಾಕ್ಯವೇ ಆಗದು. ಆಟವನ್ನು ಸಾರುವವನೂ ಒಂದು ವಾಕ್ಯವನ್ನು ಆರಂಭಿಸಿದವನೇ. ಅವನು ಮೊದಲ ಪದದಿಂದ ಆಕಾಂಕ್ಷೆಯನ್ನು ಹುಟ್ಟಿಸುವನು. ಉಳಿದೆರಡು ಅಂಗಗಳನ್ನು ಒದಗಿಸುವ ಭಾರವು ಅವನ ಮೇಲೆಯೇ ಉಳಿಯುವುದು.

ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ಲೋಪವಾದುದು ಸನ್ನಿಧಿ. ಅದೇ ಸಂಜೆ ಬೆಥೆಸ್ಡಾದವರು ಸ್ಟಾರ್‌ಫೀಲ್ಡ್ ಎಂಬ ಮತ್ತೊಂದು ಹೊಸ ಆಟದ ಚಿತ್ರವನ್ನೂ ತೋರಿಸಿದ್ದರು. ಮೊದಲು ಅದು, ಆಮೇಲೆ ಇದು ಎಂಬುದು ಅವರ ಕ್ರಮ. ಆ ಸ್ಟಾರ್‌ಫೀಲ್ಡ್ ಮುಗಿದು ಬಂದುದು 2023ರ ಸೆಪ್ಟೆಂಬರಿನಲ್ಲಿ. ಆರನೆಯ ಎಲ್ಡರ್ ಸ್ಕ್ರೋಲ್ಸ್ ಪೂರ್ವಸಿದ್ಧತೆಯ ಹಂತವನ್ನು ದಾಟಿ ನಿರ್ಮಾಣದ ಮೊದಲ ಹಂತಕ್ಕೆ ಬಂದಿತೆಂದು ತಿಳಿದುಬಂದುದೂ ಆ ವರ್ಷದ ಆಗಸ್ಟಿನಲ್ಲಿಯೇ. ಎಂದರೆ ಸಾರಿದ ಐದು ವರ್ಷಗಳ ಮೇಲೆ! 2025ರ ಕೊನೆಯಲ್ಲಿಯೂ ಸಂಸ್ಥೆಯ ಪ್ರಧಾನ ನಿರ್ಮಾತೃಗಳಾದ ಟಾಡ್ ಹೋವರ್ಡ್ ಅವರು ಅದು ಇನ್ನೂ ಬಹುದೂರವಿರುವುದೆಂದೇ ತಿಳಿಸಿದರು. 2018ರಲ್ಲಿ ಆದುದು ಸಂಕಲ್ಪ ಮಾತ್ರ. ಜನರು ಅದನ್ನೇ ಪೂಜಾರಂಭವೆಂದು ತಿಳಿದು ಪ್ರಸಾದಕ್ಕೆ ಕೈಯೊಡ್ಡಿ ನಿಂತರು.

ಯೋಗ್ಯತೆಯ ಲೋಪವು ಇದಕ್ಕಿಂತ ಕಠಿನವಾದುದು. ಅದಕ್ಕೆ ನಿದರ್ಶನವು ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿದೆ. ಅಲ್ಲಿಯ ಸಿಡಿ ಪ್ರಾಜೆಕ್ಟ್ ಸಂಸ್ಥೆಯವರು 2015ರಲ್ಲಿ ವಿಚರ್ ಮಾಲೆಯ ಮೂರನೆಯ ಆಟದಿಂದ ಬಹಳ ಕೀರ್ತಿಯನ್ನು ಪಡೆದವರು. ಸೈಬರ್‌ಪಂಕ್ 2077 ಎಂಬ ಆಟವನ್ನು ಅವರು 2012ರಲ್ಲಿಯೇ ಸಾರಿದ್ದರು. 2020ರ ಏಪ್ರಿಲಿಗೆಂದಿದ್ದುದು ಸೆಪ್ಟೆಂಬರಿಗೆ, ಅಲ್ಲಿಂದ ನವೆಂಬರಿಗೆ, ಅಲ್ಲಿಂದ ಡಿಸೆಂಬರ್ 10ಕ್ಕೆ ಜರುಗಿತು. ಕೊನೆಯ ಸಲ ಮುಂದೂಡಿದುದು ಕೇವಲ 21 ದಿನಗಳನ್ನು. ಅಷ್ಟಕ್ಕೇ ಕೆಲಸಗಾರರಿಗೆ ಪ್ರಾಣ ತೆಗೆಯುವೆವೆಂಬ ಬೆದರಿಕೆಗಳು ಬಂದುವು. ಆ ಕೆಲಸಗಾರರಾದರೋ ಕೊನೆಯ ವಾರಗಳಲ್ಲಿ ವಾರಕ್ಕೆ ಆರು ದಿನ ದುಡಿಯುತ್ತಿದ್ದವರು. 80 ಲಕ್ಷ ಮಂದಿ ಆಟವನ್ನು ಕಾಣದೆಯೇ ಮುಂಗಡವಾಗಿ ಕೊಂಡಿದ್ದರು. ಬಂದ ಮೇಲೆ ನೋಡಿದರೆ, 2013ರ ಕಾಲದ ಹಳೆಯ ಆಟದ ಯಂತ್ರಗಳಿಗೆ ಆ ವಿಶಾಲ ನಗರವನ್ನು ಹೊರುವ ಶಕ್ತಿಯಿರಲಿಲ್ಲ. ಚಿತ್ರವು ಒಡೆಯಿತು, ಆಟವು ನಡುನಡುವೆ ನಿಂತುಹೋಯಿತು. ಒಂದು ವಾರ ಕಳೆಯುವುದರೊಳಗಾಗಿ ಸೋನಿಯವರು ತಮ್ಮ ಅಂಗಡಿಯಿಂದ ಅದನ್ನು ತೆಗೆದುಹಾಕಿ ಹಣವನ್ನು ಹಿಂದಿರುಗಿಸತೊಡಗಿದರು. ಅದು ಮತ್ತೆ ಆ ಅಂಗಡಿಯನ್ನು ಸೇರಿದುದು 2021ರ ಜೂನಿನಲ್ಲಿ. ಸಂಸ್ಥೆಯವರು ಲೋಕದ ಮುಂದೆ ಕ್ಷಮೆಯನ್ನು ಬೇಡಿ, ವರ್ಷಗಟ್ಟಲೆ ದುರಸ್ತಿ ನಡೆಯಿಸಿದರು. 2023ರ ಸೆಪ್ಟೆಂಬರಿನ ದೊಡ್ಡ ತಿದ್ದುಪಡಿಯ ತರುವಾಯ ಆಟಕ್ಕೆ ಸಲ್ಲಬೇಕಾದ ಗೌರವವು ಸಂದಿತು. ತಪ್ಪನ್ನು ಒಪ್ಪಿ ತಿದ್ದಿದುದು ಶ್ಲಾಘ್ಯವೇ. ಆದರೆ ಮೊದಲ ದಿನ ಹಣ ತೆತ್ತು ಕುಳಿತವನ ಆ ಸಂಜೆಯನ್ನು ಯಾವ ತಿದ್ದುಪಡಿಯು ಹಿಂದಿರುಗಿಸೀತು?

ಹಾಗಾದರೆ ಮೂರು ಅಂಗಗಳೂ ಕೂಡಿದ ವಾಕ್ಯವೇ ಇಲ್ಲವೆ? ಉಂಟು. ಇದೇ ಬೆಥೆಸ್ಡಾದವರು ಫಾಲ್‌ಔಟ್ ಮಾಲೆಯ ನಾಲ್ಕನೆಯ ಆಟವನ್ನು 2015ರ ಜೂನಿನಲ್ಲಿ ಸಾರಿ ನವೆಂಬರಿನಲ್ಲಿ ಕೈಗಿತ್ತರು. ಐದೇ ತಿಂಗಳ ಸವಿಯಾದ ಮುನ್ನಾದಿನ ಅದು. ಆಬ್ಲಿವಿಯನ್ ಆಟವನ್ನು ಹೊಸ ಚಿತ್ರಗಳೊಡನೆ ಪುನರುದ್ಧರಿಸಿದಾಗಲಂತೂ, ಗುಟ್ಟು ಮೊದಲೇ ಸೋರಿದ್ದರೂ, 2025ರ ಏಪ್ರಿಲ್ 22ರಂದು ಸಾರಿದ ದಿನವೇ ಮಾರಾಟಕ್ಕಿಟ್ಟರು. ಆದುದರಿಂದ ಕಾಯಿಸುವುದು ಈ ಕಲೆಯ ಅನಿವಾರ್ಯವಾದ ಧರ್ಮವಲ್ಲ. ರಚನೆಗೆ ಹತ್ತು ವರ್ಷಗಳು ಹಿಡಿಯಬಹುದು, ಹಿಡಿಯಲಿ. ಸಾರುವುದಕ್ಕೆ ಅಷ್ಟು ಅವಸರವೇಕೆ?

ಇದುವರೆಗೆ ರಚಿಸುವವರ ಮಾತಾಯಿತು. ಕಾಯುವವರ ಮಾತೂ ಸ್ವಲ್ಪ ಉಂಟು. ಅಭಿಮಾನಿಗಳೆಂಬವರು ಬಯಸುತ್ತಿರುವುದೇನು? ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು. ಮಾರೋವಿಂಡ್ ಆಟದಲ್ಲಿ ಹೋಗಬೇಕಾದ ದಾರಿಯನ್ನು ಪಾತ್ರಗಳ ಬಾಯಿಂದ ಕೇಳಿ, ಬೆಟ್ಟ ಹಳ್ಳಗಳ ಗುರುತು ಹಿಡಿದು ಹುಡುಕಬೇಕಾಗಿದ್ದಿತು. ಆಬ್ಲಿವಿಯನ್ ಬಂದ ಮೇಲೆ ದಿಕ್ಸೂಚಿಯ ಗುರುತೇ ದಾರಿಯನ್ನು ತೋರಿಸತೊಡಗಿತು. ಮೊದಲನೆಯದನ್ನು ಬಲ್ಲವರು ಆ ಕಷ್ಟವೇ ಮತ್ತೆ ಬರಲಿ ಎನ್ನುವರು. ಸ್ಕೈರಿಮಿನಿಂದ ಆರಂಭಿಸಿದವರು ಆ ಸೌಲಭ್ಯವು ಇರಲಿ ಎನ್ನುವರು. 2012ರಲ್ಲಿ ಸ್ಕೈರಿಮಿಗೆ ಹೊಸ ಕಥೆಗಳನ್ನೂ ಊರುಗಳನ್ನೂ ಸೇರಿಸುವ ಸಾಧನವನ್ನು ಸಂಸ್ಥೆಯವರು ಆಟಗಾರರ ಕೈಗೇ ಕೊಟ್ಟಿದ್ದರು. ಅಂತಹ ಸ್ವಾತಂತ್ರ್ಯವು ಮುಂದೆಯೂ ಇರಬೇಕೆಂಬುದು ಮತ್ತೆ ಕೆಲವರ ಹಟ. ಇಷ್ಟೂ ಬಯಕೆಗಳನ್ನು ಒಂದೇ ಆಟವು ತೀರಿಸಲಾರದು. ಸೂಕ್ಷ್ಮವಾಗಿ ನೋಡಿದರೆ, ಅವರು ಕೇಳುತ್ತಿರುವುದು ಮುಂದಿನ ಆಟವನ್ನೇ ಅಲ್ಲ, ಹಿಂದಿನ ಆಟವನ್ನು ಮೊದಲ ಸಲ ಆಡಿದ ತಮ್ಮ ಹದಿನಾರನೆಯ ವಯಸ್ಸನ್ನು. ನಮ್ಮ ಹುಡುಗನನ್ನು ಈ ಮಾತಿನಿಂದ ಕೆಣಕಿದೆವು. ಅವನು ಕೊಂಚ ಹೊತ್ತು ಸುಮ್ಮನಿದ್ದು, "ಇರಬಹುದು ಮಾವ. ಆದರೆ ಆಗ ಜೊತೆಗೆ ಆಡುತ್ತಿದ್ದವರೆಲ್ಲ ಈಗ ಬೇರೆ ಬೇರೆ ಊರುಗಳಲ್ಲಿದ್ದಾರೆ. ಅದು ಬಂದರೆ ಎಲ್ಲರೂ ಒಂದು ದಿನ ರಜೆ ಹಾಕುವೆವೆಂದು ಮಾತಾಗಿದೆ" ಎಂದನು. ಅದಕ್ಕೆ ಉತ್ತರವು ನಮ್ಮಲ್ಲಿರಲಿಲ್ಲ.

ಕಾಯುವವರೆಲ್ಲರೂ ತರುಣರೆಂದು ತಿಳಿಯಬಾರದು. ಅಮೆರಿಕೆಯಲ್ಲಿ 1936ರಲ್ಲಿ ಹುಟ್ಟಿದ ಶರ್ಲಿ ಕರ್ರಿ ಎಂಬ ಅಜ್ಜಿಯು ಎಪ್ಪತ್ತನ್ನು ದಾಟಿದ ಮೇಲೆ ಸ್ಕೈರಿಮ್ ಆಡುತ್ತ, ಆ ಆಟವನ್ನು ಯೂಟ್ಯೂಬಿನಲ್ಲಿ ತೋರಿಸುತ್ತ, ನೋಡುವವರನ್ನು ಮೊಮ್ಮಕ್ಕಳೆಂದು ಕರೆದು ಲೋಕಪ್ರಿಯರಾದರು. ಆರನೆಯ ಆಟದಲ್ಲಿ ಈಕೆಯ ಹೆಸರಿನ ಪಾತ್ರವೊಂದಿರಬೇಕೆಂದು ಅಭಿಮಾನಿಗಳು ಮನವಿ ಸಲ್ಲಿಸಲು, 2019ರಲ್ಲಿ ಸಂಸ್ಥೆಯವರು ಒಪ್ಪಿಕೊಂಡರು. ಆಗ ಅವರಿಗೆ 83 ವರ್ಷ. ಹದಿನೈದರ ಹುಡುಗನಿಗೆ ಏಳು ವರ್ಷಗಳ ವಿಳಂಬವು ಬರಿಯ ಬೇಸರ. ಎಂಬತ್ತನ್ನು ಮೀರಿದವರಿಗೆ ಅದು ಬೇರೆಯೇ ಲೆಕ್ಕ. ಅರವತ್ತರ ಹೊಸ್ತಿಲಲ್ಲಿ ನಿಂತ ನಮಗೆ ಆ ಲೆಕ್ಕವು ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿದೆ. ಮಾತು ಕೊಡುವವನು ತನ್ನ ಕಾಲವನ್ನು ಮಾತ್ರವಲ್ಲ, ಕೇಳುವವನ ಆಯುಸ್ಸನ್ನೂ ಎಣಿಸಿ ಕೊಡಬೇಕು.

ಇಷ್ಟರಿಂದ ಗೃಹಸ್ಥರು ಗ್ರಹಿಸಬೇಕಾದುದೇನು? ಮನೆಯ ಮಕ್ಕಳು ಬಾರದ ಆಟಕ್ಕಾಗಿ ಹಂಬಲಿಸಿದರೆ ಹಳಿಯುವುದು ಬೇಡ. ಆಕಾಂಕ್ಷೆಯಿಲ್ಲದ ಮನಸ್ಸಿನಲ್ಲಿ ಯಾವ ಅರ್ಥವೂ ಹುಟ್ಟುವುದಿಲ್ಲ. ಆದರೆ ಕಾಣದ ವಸ್ತುವಿಗೆ ಮುಂಗಡ ಹಣವನ್ನು ತೆರಬಾರದೆಂದೂ, ಆಟವು ಬಂದ ಮೇಲೆ ಆಡಿದವರ ಮಾತನ್ನು ಒಂದು ವಾರ ಕೇಳಿ ಕೊಳ್ಳಬೇಕೆಂದೂ, ತಡವಾದುದಕ್ಕಾಗಿ ದುಡಿಯುವವನನ್ನು ಬೈಯಬಾರದೆಂದೂ ಅವರಿಗೆ ತಿಳಿಯಹೇಳಬೇಕು. ಆರನೆಯ ಆಟವು ಬರುವ ದಿನ ನಮ್ಮ ಹುಡುಗನು ರಜೆ ಹಾಕಿದರೆ ನಾವೂ ಅವನ ಪಕ್ಕದಲ್ಲಿ ಕುಳಿತು ನೋಡುವುದಾಗಿ ಮಾತು ಕೊಟ್ಟಿರುವೆವು. ಕೊಟ್ಟ ಮಾತನ್ನು ನಡೆಯಿಸುವಷ್ಟು ಆಯುರಾರೋಗ್ಯಗಳು ನಮಗೂ, ಅಷ್ಟು ಬೇಗನೆ ಮುಗಿಸುವ ಬುದ್ಧಿಯು ಆಟವನ್ನು ರಚಿಸುವವರಿಗೂ ಒದಗಲಿ.