ಓದದೆ ಹಾಕಿದ ರುಜು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ನಾಡಿನ ಗಾದೆ. ಅದು ಹುಟ್ಟಿದ ಕಾಲದಲ್ಲಿ ಕಷ್ಟವೆಂದರೆ ಕಲ್ಲು, ಮರ, ಹಣಗಳನ್ನು ಒದಗಿಸುವ ಕಷ್ಟ. ಇಂದು ಅದಕ್ಕೆ ಕಾಗದಪತ್ರಗಳ ಕಷ್ಟವೂ ಸೇರಿದೆ. ನನ್ನ ಹಳೆಯ ಶಿಷ್ಯರೊಬ್ಬರು ಬೆಂಗಳೂರಿನಲ್ಲಿ ವಕೀಲರು. ವ್ಯಾಪಾರ, ಕಟ್ಟಡ, ಆಸ್ತಿ—ಈ ಮೂರು ಬಗೆಯ ವ್ಯವಹಾರಗಳೂ ಅವರ ಕಚೇರಿಗೆ ಬರುತ್ತವೆ. ‘ನಮ್ಮ ಕಸುಬಿನಲ್ಲಿ ವಾದಿಸುವುದಕ್ಕಿಂತ ಓದುವುದೇ ಹೆಚ್ಚು, ಮೇಷ್ಟರೇ’ ಎಂದು ಅವರು ಒಮ್ಮೆ ಹೇಳಿದ ಮಾತು ನನ್ನನ್ನು ಯೋಚನೆಗೆ ಹಚ್ಚಿತು.

ಕನ್ನಡದ ಹಳೆಯ ಬರಹಗಳಲ್ಲಿ ಒಂದಾದ, ಸುಮಾರು ಕ್ರಿ. ಶ. 450ರ ಹಲ್ಮಿಡಿ ಶಾಸನವೇ ಒಂದು ದಾನಪತ್ರ. ವಿಜಯನಗರ ಕಾಲದ ಶಾಸನಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸುತ್ತವೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರವೂ ಅವನ್ನೇ ಹೇಳಿ, ನಾಲ್ಕು ದಿಕ್ಕಿನ ಚಕ್ಕುಬಂದಿ ಕೊಟ್ಟು, ಸಾಕ್ಷಿಗಳ ರುಜುವಿನೊಡನೆ ಬರೆದವನ ‘ಬಿಕ್ಕಲಂ’ನಲ್ಲಿ ಮುಗಿಯುತ್ತದೆ. ಮಾರಿದವನು ಅದನ್ನು ಓದಿಸಿ ಕೇಳಿ ಒಪ್ಪಿದನೆಂಬ ಮಾತೂ ಅದರಲ್ಲಿದೆ. ಆ ಒಂದು ಮಾತಿನಲ್ಲಿ ಧರ್ಮವಿದೆ.

ಓದುವ ಅಗತ್ಯ ಈಗ ಹಿಂದಿಗಿಂತ ಹೆಚ್ಚು. ನೂರು ರೂಪಾಯಿಯಾಗಲಿ ಅದಕ್ಕೆ ಮೇಲ್ಪಟ್ಟಾಗಲಿ ಬೆಲೆಯುಳ್ಳ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಬರಿಯ ಕ್ರಯದ ಕರಾರಿನಿಂದ ಒಡೆತನ ಬಾರದು. ಇದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಮಾತು. ಋಣಭಾರ ಪತ್ರವೊಂದಿದ್ದರೆ ಸಾಕೆಂದು ಹಲವರ ನಂಬಿಕೆ. ಅದು ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಮಗನಷ್ಟೇ ಹಕ್ಕುಂಟು. ಆ ಹಕ್ಕು ಅದರಲ್ಲಿ ಕಾಣುವುದಿಲ್ಲ. ಆದುದರಿಂದಲೇ ವಕೀಲರು ವಂಶವೃಕ್ಷವನ್ನು ಕೇಳುತ್ತಾರೆ. ವ್ಯಾಪಾರದಲ್ಲಿಯೂ ಹೀಗೆಯೇ: 1932ರ ಪಾಲುಗಾರಿಕೆ ಕಾಯಿದೆಯಂತೆ ನೋಂದಣಿಯಾಗದ ಪಾಲುಗಾರಿಕೆ ಸಂಸ್ಥೆ, ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು.

ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಕಟ್ಟಲಿರುವ ಮನೆಯೊಂದಕ್ಕೆ ಮುಂಗಡ ಕೊಟ್ಟು, ಇಂಗ್ಲಿಷಿನ ಕರಾರಿಗೆ ಒಂದು ಸಂಜೆ ರುಜು ಹಾಕಿದರು. ಕೊಳ್ಳುವವರು ಹಿಂದೆಗೆದರೆ ಮುಂಗಡ ಮರಳಿ ಬಾರದೆಂಬ ವಾಕ್ಯ ಅದರಲ್ಲಿದ್ದುದು ಅವರಿಗೆ ತಿಳಿದದ್ದು ಮಡದಿಯ ಕಾಯಿಲೆಗೆ ಹಣ ಬೇಕಾದಾಗ. 2016ರ ಸ್ಥಿರಾಸ್ತಿ ಕಾಯಿದೆ ಕೊಳ್ಳುವವರ ಪರವಾಗಿಯೇ ಇದೆ: ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಪಡೆಯಕೂಡದು, ಸ್ವಾಧೀನಕ್ಕೆ ಕೊಟ್ಟ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರೇ ತಿದ್ದಬೇಕು. ಆದರೆ ತನ್ನ ಹಕ್ಕನ್ನು ಅರಿಯದವನಿಗೆ ಕಾಯಿದೆಯ ಕರುಣೆ ಎಷ್ಟಿದ್ದರೇನು?

1908ರ ನೋಂದಣಿ ಕಾಯಿದೆಯಲ್ಲಿ ಒಂದು ವಿವೇಕದ ಮಾತಿದೆ. ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಿಲ್ಲದ ಭಾಷೆಯಲ್ಲಿ ಪತ್ರವಿದ್ದರೆ, ಬಳಕೆಯ ಭಾಷೆಗೆ ಮಾಡಿದ ನಿಜವಾದ ಅನುವಾದವಿಲ್ಲದೆ ಅದನ್ನು ನೋಂದಾಯಿಸಕೂಡದು. ಅಧಿಕಾರಿಯ ಅರಿವಿಗೆ ತೋರಿದ ಈ ಕಾಳಜಿ ರುಜು ಹಾಕುವವನ ಅರಿವಿಗೂ ಸಲ್ಲಬೇಡವೇ? ಕನ್ನಡ ಕಲಿತ ನಮ್ಮ ತರುಣರು ಕಾವ್ಯದೊಡನೆ ಕರಾರುಗಳ ಭಾಷೆಯನ್ನೂ ಅಭ್ಯಾಸ ಮಾಡಿ, ತಿಳಿಗನ್ನಡದ ಕರಡುಗಳನ್ನು ರಚಿಸಿದರೆ, ಅದು ಭಾಷಾಸೇವೆಯೂ ಹೌದು, ಜನಸೇವೆಯೂ ಹೌದು.