ಮನೆಯಲ್ಲಿ ಸಿ.ಎನ್.ಸಿ. ರೌಟರ್: ಸಾಲ ಮಾಡುವ ಮುಂಚೆ ತಿಳಿದಿರಬೇಕಾದದ್ದು

ಮುಡುಕುತೊರೆ, ತಲಕಾಡು, ತಿ. ನರಸೀಪುರ ಕಡೆಯ ಸ್ವಸಹಾಯ ಸಂಘಗಳ ಸಭೆಗೆ ಹೋದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ಬರುತ್ತಿದೆ. "ನಮ್ಮ ಹುಡುಗ ಮರ ಕೆತ್ತೋ ಕಂಪ್ಯೂಟರ್ ಮಿಷನ್ ತಗೋಬೇಕು ಅಂತಾನೆ, ಸಂಘದಿಂದ ಸಾಲ ಸಿಗುತ್ತಾ?" ಕೇಳುವ ತಾಯಂದಿರು ಹೆಚ್ಚಾಗಿ ಬಡಗಿ ಕೆಲಸದ ಮನೆಯವರು. ಪಕ್ಕದಲ್ಲೇ ಕುಳಿತ ಯಜಮಾನರ ಮುಖದಲ್ಲಿ ಮಾತ್ರ ಬೇರೆ ಯೋಚನೆ: ಮಿಷನ್ ಬಂದರೆ ನಮ್ಮ ಉಳಿಗೆ ಕೆಲಸ ಇರುತ್ತಾ? ಇಬ್ಬರಿಗೂ ಉತ್ತರ ಹೇಳಬೇಕಾದರೆ ಮೊದಲು ಆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದುಕೊಳ್ಳಬೇಕು.

ಸಿ.ಎನ್.ಸಿ. ರೌಟರ್ ಎಂದರೆ ತಿರುಗುವ ಬಿಟ್ ಹಿಡಿದುಕೊಂಡ ಒಂದು ಮೋಟಾರು. ಅದನ್ನು ಎಡಬಲ, ಹಿಂದೆಮುಂದೆ, ಮೇಲೆಕೆಳಗೆ ಒಯ್ಯಲು ಇನ್ನೂ ಮೂರು ಮೋಟಾರು. ಕಂಪ್ಯೂಟರಿನಿಂದ ಅದಕ್ಕೆ ಸಾಲುಸಾಲಾಗಿ ಅಪ್ಪಣೆ ಹೋಗುತ್ತದೆ. ಜಿ-0 ಎಂದರೆ ಗಾಳಿಯಲ್ಲಿ ಬೇಗ ಹೋಗು, ಜಿ-1 ಎಂದರೆ ಹೇಳಿದ ವೇಗದಲ್ಲಿ ಕೊರೆಯುತ್ತಾ ಹೋಗು, ಎಂ-5 ಎಂದರೆ ಬಿಟ್ ನಿಲ್ಲಿಸು. ಮನೆಬಳಕೆಗೆ ಸಿಗುವ ಚಿಕ್ಕ ಯಂತ್ರಕ್ಕೆ ಮಾರುಕಟ್ಟೆಯಲ್ಲಿ '3018' ಎನ್ನುತ್ತಾರೆ. ಅಂದರೆ 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಜಾಗದಲ್ಲಿ ಅದು ಕೆಲಸ ಮಾಡುತ್ತದೆ. ಇಲ್ಲೇ ಒಂದು ಭ್ರಮೆ ಹೋಗಬೇಕು. ಏಳಡಿ ಬಾಗಿಲು ಇದರಲ್ಲಿ ಆಗುವುದಿಲ್ಲ. ಬಾಗಿಲು ಕೆತ್ತಲು ಎಂಟು ಅಡಿಗೆ ನಾಲ್ಕು ಅಡಿ ಹಾಸಿನ ದೊಡ್ಡ ಯಂತ್ರ ಬೇಕು, ಅದಕ್ಕೆ ಹಲವು ಲಕ್ಷ. ಚಿಕ್ಕದು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಮನೆಯ ಹೆಸರಿನ ಫಲಕ, ಫೋಟೋ ಚೌಕಟ್ಟು, ಪ್ರಾರ್ಥನಾ ಪೀಠಕ್ಕೆ ಶಿಲುಬೆ, ಆಟದ ಸಾಮಾನು, ಇಂಥದಕ್ಕೆ ಸಾಕು.

ಮುಖ್ಯವಾದ ಮಾತು ಇನ್ನೊಂದಿದೆ. ಈ ಯಂತ್ರಕ್ಕೆ ಕಣ್ಣಿಲ್ಲ. ಅದು ಹೆಜ್ಜೆ ಎಣಿಸುತ್ತದೆ, ಅಷ್ಟೇ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಪ್ರತಿ ಹೆಜ್ಜೆಯನ್ನೂ 16 ಭಾಗ ಮಾಡಿದರೆ 3,200. ಸ್ಕ್ರೂ ದಂಡ ಒಂದು ಸುತ್ತಿಗೆ 4 ಮಿ.ಮೀ. ಸರಿಯುವುದಾದರೆ ಒಂದು ಮಿಲಿಮೀಟರಿಗೆ 800 ಹೆಜ್ಜೆ. ನಡುವೆ ಬಿಟ್ ಗಂಟಿಗೆ ಸಿಕ್ಕಿ ನಿಂತರೂ, ಹಲಗೆ ಜಾರಿದರೂ ಅದಕ್ಕೆ ಗೊತ್ತಾಗೋದೇ ಇಲ್ಲ. ಹೋದೆ ಅಂದುಕೊಂಡು ಮುಂದಿನ ಗೆರೆ ಕೊರೆಯುತ್ತದೆ. ನಾವು ಮೊದಲ ಸಲ ಕೆಲಸ ಮಾಡಿಸಿದಾಗ ಹಲಗೆಯನ್ನು ಬರೀ ಎರಡು ಕ್ಲಾಂಪಿನಲ್ಲಿ ಹಿಡಿಸಿದ್ದೆವು. ಬಿಟ್ ಹೋಗಿ ಕ್ಲಾಂಪಿಗೇ ಬಡಿದು ಮುರಿಯಿತು, ಹಲಗೆಯೂ ಹಾಳು. ಅಂದು ಅಲ್ಲಿದ್ದ ಹಿರಿಯ ಬಡಗಿಯೊಬ್ಬರು ನಕ್ಕು, ನಾಲ್ಕು ಮೂಲೆಗೂ ಸ್ಕ್ರೂ ಹಾಕಿ, ಬಿಟ್ ಹಾದಿಗೆ ಅಡ್ಡ ಬಾರದಂತೆ ಗೆರೆ ಎಳೆದು ತೋರಿಸಿದರು.

ಯಂತ್ರ ಜೋಡಿಸುವಾಗಲೂ ಬಡಗಿ ಬುದ್ಧಿಯೇ ಬೇಕು. ಅಲುಗದ ಮೇಜಿನ ಮೇಲೆ ಇಟ್ಟು ರಸಮಟ್ಟ ನೋಡಿ. ಬಿಟ್ ಬದಲು ಪೆನ್ನು ಕಟ್ಟಿ 160ಕ್ಕೆ 120 ಮಿ.ಮೀ. ಚೌಕ ಬರೆಸಿ. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕಡೆ 200 ಬರಬೇಕು. ಮನೆ ಪಾಯ ಹಾಕುವಾಗ ನೋಡುವ ಮೂರು-ನಾಲ್ಕು-ಐದರ ಲೆಕ್ಕವೇ ಇದು. ಎರಡು ಕರ್ಣ ಬೇರೆ ಬೇರೆ ಬಂದರೆ ಚೌಕಟ್ಟು ಓರೆಯಾಗಿದೆ, ಬೋಲ್ಟ್ ಸಡಿಲಿಸಿ ಸರಿಮಾಡಿ. 100 ಮಿ.ಮೀ. ಹೋಗು ಅಂದರೆ 98 ಹೋಗುತ್ತಿದ್ದರೆ 800ನ್ನು 100ರಿಂದ ಗುಣಿಸಿ 98ರಿಂದ ಭಾಗಿಸಿ, ಬರುವ 816.3 ಹೊಸ ಅಂಕಿ. ಅದನ್ನು ಯಂತ್ರಕ್ಕೆ ಕೊಡಬೇಕು. ಕೆಲಸದ ಮಟ್ಟ ಹಿಡಿಯಲು ಹಲಗೆ ಮೇಲೆ ಒಂದು ಚೂರು ಕಾಗದ ಇಟ್ಟು, ಬಿಟ್ ನಿಧಾನ ಇಳಿಸಿ; ಕಾಗದ ಎಳೆದರೆ ಬಿಗಿಯಾದಾಗ ಅದೇ ಸೊನ್ನೆ.

ಬೇಕಾದ ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ. ಚಿತ್ರ ಬರೆಯಲು ಇಂಕ್‌ಸ್ಕೇಪ್, ಯಂತ್ರ ನಡೆಸಲು 2009ರಿಂದ ಉಚಿತವಾಗಿ ಸಿಗುತ್ತಿರುವ ಜಿ.ಆರ್.ಬಿ.ಎಲ್. ಇವೆ. ಕನ್ನಡ ಅಕ್ಷರಕ್ಕೆ ಮಾತ್ರ ಎಚ್ಚರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಗೀಚುಗೀಚಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದು, ಅಕ್ಷರವನ್ನು ಗೆರೆಯಾಗಿ ಪರಿವರ್ತಿಸಿಯೇ ಮುಂದೆ ಕಳಿಸಿ. ಒತ್ತಕ್ಷರ ಚಿಕ್ಕದಾದರೆ ಎರಡು ಗೆರೆಗಳ ನಡುವಿನ ಮರ ಸಿಡಿದು ಹೋಗುತ್ತದೆ. 'ಮಲ್ಲಿಕಾರ್ಜುನ' ಎಂದು ಬರೆಸಿ ನೋಡಿ, 'ಲ್ಲಿ'ಯಲ್ಲೇ ಗೊತ್ತಾಗುತ್ತದೆ. ಬಿಟ್ ದುಂಡಗೆ ಇರುವುದರಿಂದ 3 ಮಿ.ಮೀ. ಬಿಟ್ ಒಳಮೂಲೆಯನ್ನು ಚೂಪಾಗಿ ಮಾಡಲಾರದು. ಅಲ್ಲಿ ಉಳಿಯೇ ಬೇಕು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲಿ ಸಣ್ಣ ಗರಗಸದಿಂದ ತುಂಡು ಕತ್ತರಿಸಿ ಕೂರಿಸುವ ಕೈಗೆ ಈ ಯಂತ್ರ ಸಾಟಿಯಲ್ಲ.

ಈಗ ದುಡ್ಡಿನ ಲೆಕ್ಕ. ಅಕ್ಷರ ಉಬ್ಬಿ ಕಾಣುವಂತೆ ಸುತ್ತಲಿನ ಮರ ತೆಗೆಯುವ ಫಲಕ ಎಂದುಕೊಳ್ಳಿ. 250ಕ್ಕೆ 120 ಮಿ.ಮೀ. ಜಾಗ, 2 ಮಿ.ಮೀ. ಆಳ. ಚಿಕ್ಕ ಯಂತ್ರಕ್ಕೆ ಗಟ್ಟಿತನ ಕಡಿಮೆ, ಒಂದು ಸಲಕ್ಕೆ ಅರ್ಧ ಮಿ.ಮೀ. ತೆಗೆದರೆ ಕ್ಷೇಮ. ಬಿಟ್ ಪ್ರತಿ ಸಾಲಿಗೆ 1.2 ಮಿ.ಮೀ. ಸರಿದರೆ ಒಂದು ಪದರಕ್ಕೆ 25 ಮೀಟರ್ ಓಡಬೇಕು. ನಿಮಿಷಕ್ಕೆ 400 ಮಿ.ಮೀ. ವೇಗದಲ್ಲಿ ಒಂದು ಗಂಟೆ ಮೀರುತ್ತದೆ, ನಾಲ್ಕು ಪದರಕ್ಕೆ ನಾಲ್ಕು ಗಂಟೆಗೂ ಹೆಚ್ಚು! ಬದಲಿಗೆ ಚೂಪು ಬಿಟ್ಟಿನಲ್ಲಿ ಅಕ್ಷರವನ್ನಷ್ಟೇ ಕೊರೆಸಿ ಬಣ್ಣ ತುಂಬಿದರೆ ಕೆಲಸ ಬೇಗ ಮುಗಿಯುತ್ತದೆ. ಮೂರು ನೂರು ರೂಪಾಯಿಗೆ ಫಲಕ ಕೊಡ್ತೀನಿ ಅಂತ ಒಪ್ಪಿಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ. ಮರ ಸುಟ್ಟ ವಾಸನೆ ಬಂದು ಅಂಚು ಕಪ್ಪಾದರೆ ಬಿಟ್ ಮೊಂಡಾಗಿದೆ ಅಥವಾ ಒಂದೇ ಕಡೆ ಹೆಚ್ಚು ಉಜ್ಜುತ್ತಿದೆ ಎಂದರ್ಥ. ಬಿಟ್ ಬದಲಿಸಿ, ಇಲ್ಲವೇ ತಿರುಗುವ ವೇಗ ತಗ್ಗಿಸಿ.

ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ನಡುವೆ ಹೋದರೆ ಯಂತ್ರ ತಾನೆಲ್ಲಿದ್ದೆ ಎಂಬುದನ್ನೇ ಮರೆಯುತ್ತದೆ. ಆದ್ದರಿಂದ ಹಲಗೆಯ ಮೂಲೆಯಲ್ಲಿ ಮೊದಲೇ ಒಂದು ಸಣ್ಣ ತೂತು ಕೊರೆಸಿ ಅಲ್ಲಿಂದಲೇ ಸೊನ್ನೆ ಹಿಡಿಯಿರಿ. ಹಲಗೆ ಬಿಚ್ಚದಿದ್ದರೆ ಅದೇ ತೂತಿಗೆ ಬಿಟ್ ತಂದು ಮತ್ತೆ ಶುರುಮಾಡಬಹುದು.

ಧೂಳನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ; ಮುಖ್ಯವಾಗಿ ಮೂಗಿನ ಒಳಭಾಗಕ್ಕೆ ಅಪಾಯ. ಎಂ.ಡಿ.ಎಫ್. ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಬೇರೆ ಇರುತ್ತದೆ. ಅಡುಗೆಮನೆಯಲ್ಲಿ, ಮಕ್ಕಳು ಮಲಗುವ ಕೋಣೆಯಲ್ಲಿ ಯಂತ್ರ ಬೇಡ. ಎನ್-95 ಮಾಸ್ಕ್, ಕನ್ನಡಕ ಹಾಕಿ. ಕೈಗವಸು ಹಾಕಬೇಡಿ, ತಿರುಗುವ ಬಿಟ್ ಅದನ್ನು ಬೆರಳ ಸಮೇತ ಎಳೆದುಕೊಳ್ಳುತ್ತದೆ. ಸೆರಗು, ದುಪಟ್ಟ, ಹೆಗಲ ಟವೆಲ್ ಬಿಗಿದು ಕಟ್ಟಿ. ಯಂತ್ರ ಓಡುವಾಗ ಬಿಟ್ಟು ಹೊರಗೆ ಹೋಗಬೇಡಿ, ಸ್ವಿಚ್ಚು ಕೈಗೆ ಸಿಗುವಂತಿರಲಿ.

ಮರದ ವಿಚಾರದಲ್ಲಿ ಸಿಲ್ವರ್ ಓಕ್, ಹಲಸು, ಬೇವು ಸಾಕು. ಬೀಟೆ, ಶ್ರೀಗಂಧ ಕಡಿಯಲು ಅರಣ್ಯ ಇಲಾಖೆಯ ಕಾನೂನಿದೆ. ಯಾರೋ ತಂದುಕೊಟ್ಟರು ಅಂತ ತಗೊಂಡು ತೊಂದರೆಗೆ ಸಿಲುಕಬೇಡಿ.

ಸಾಲದ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟು: ದೊಡ್ಡ ಯಂತ್ರಕ್ಕೆ ಮೊದಲೇ ಕೈಹಾಕಬೇಡಿ. ಮೂರು ನಾಲ್ಕು ಮನೆ ಸೇರಿ ಚಿಕ್ಕದೊಂದು ಕೊಂಡು ಒಂದು ವರ್ಷ ನಡೆಸಿ. ಯಾರು ಎಷ್ಟು ಗಂಟೆ ಓಡಿಸಿದರು, ಎಷ್ಟು ಬಿಟ್ ಮುರಿಯಿತು, ಎಷ್ಟಕ್ಕೆ ಮಾರಿತು ಎಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ನೋಡಿಯೇ ಸಂಘ ಮುಂದಿನ ಸಾಲ ಕೊಡಲಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಅದರಲ್ಲಿ ತರಬೇತಿ, 15,000 ರೂಪಾಯಿವರೆಗೆ ಉಪಕರಣದ ನೆರವು, ಅಡಮಾನವಿಲ್ಲದೆ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ ಎಂದಿದೆ. ಮನೆಗೊಬ್ಬರಿಗೆ ಮಾತ್ರ, ಪಂಚಾಯಿತಿಯಲ್ಲಿ ವಿಚಾರಿಸಿ. ಓದಿದ ಹುಡುಗರಿಗೆ ಯಂತ್ರವಿದ್ಯೆ ಸರಿಯಾಗಿ ಕಲಿಯಬೇಕೆಂದಿದ್ದರೆ ಮೈಸೂರಿನ ಜಿ.ಟಿ.ಟಿ.ಸಿ. ಇದೆ.

ಮುಡುಕುತೊರೆ ಜಾತ್ರೆಗೆ ಸಾಮಾನು ಮಾಡಿ ಮಾರುವ ಯೋಚನೆ ಇದ್ದವರು ಹಲಗೆಯನ್ನು ಮಳೆಗಾಲ ಮುಗಿಯುತ್ತಲೇ ಕೊಂಡು, ನೆರಳಿನಲ್ಲಿ ನಡುನಡುವೆ ಪಟ್ಟಿ ಕೊಟ್ಟು ಜೋಡಿಸಿ ಒಣಗಲು ಇಡಿ. ಹಸಿ ಹಲಗೆಯಲ್ಲಿ ಎಷ್ಟು ಚೆನ್ನಾಗಿ ಕೆತ್ತಿದರೂ ಮಾಘ ಮಾಸದ ಹೊತ್ತಿಗೆ ಸೊಟ್ಟಗಾಗಿರುತ್ತದೆ.